ಹೊಸ ಸ್ವಿಚ್ ಹಾಕಿದ ಮೇಲೂ ವಿಮಾನದ ಫ್ಯೂಯಲ್ ಪಂಪ್ ಕೈಕೊಡುತ್ತಿದೆ, ಎಲ್ಲಿ ನೋಡಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ನೀವು ಗಂಗಾವತಿಯವರು, ಎಎಂಇ (ವಿಮಾನ ನಿರ್ವಹಣೆಯ ಎಂಜಿನಿಯರಿಂಗ್) ಓದುತ್ತಿದ್ದೀರಿ. ಕಲಿಯಲಿಕ್ಕೆ ಅಂತ ಇಟ್ಟಿರುವ ಹಳೇ ಪೈಪರ್ ಚೆರೋಕಿ ಅನ್ನುವ ಸಣ್ಣ ವಿಮಾನದಲ್ಲಿ ಎಲೆಕ್ಟ್ರಿಕ್ ಫ್ಯೂಯಲ್ ಪಂಪಿನ ಸ್ವಿಚ್ ಆನ್ ಮಾಡಿದರೆ ಪಂಪ್ ಒಮ್ಮೆ ಓಡುತ್ತದೆ, ಒಮ್ಮೆ ಸುಮ್ಮನಿರುತ್ತದೆ. ಪ್ಯಾನೆಲ್ ಮೇಲೆ ತಟ್ಟಿದರೆ ಶುರುವಾಗುತ್ತದೆ. ಸ್ವಿಚ್ ಬದಲಾಯಿಸಿದಿರಿ, ಎರಡು ದಿನ ಸರಿ ಇತ್ತು, ಮತ್ತೆ ಅದೇ ಕಥೆ. ವೈರ್ ಎಲ್ಲಾದರೂ ತುಂಡಾಗಿದೆಯಾ ಅಂತ ಮೀಟರ್ ಇಟ್ಟು ನೋಡಿದರೆ ಎಲ್ಲ ಕಡೆ ಬೀಪ್ ಬರುತ್ತಿದೆ.

ನನ್ನ ಅಂದಾಜು: ಮೊದಲಿನ ಸ್ವಿಚ್ಚೂ ಚೆನ್ನಾಗಿಯೇ ಇತ್ತು. ತೊಂದರೆ ಇರುವುದು ಯಾವುದೋ ಜಾಯಿಂಟ್‌ನಲ್ಲಿ. ಸ್ವಿಚ್ ಬಿಚ್ಚಿ ಹಾಕುವಾಗ ಹಿಂದಿನ ವೈರುಗಳನ್ನು ಎಳೆದಾಡಿರುತ್ತೀರಿ ಅಲ್ವಾ? ಆ ಎರಡು ದಿನ ಪಂಪ್ ಓಡಿದ್ದು ಅದರಿಂದ, ಹೊಸ ಸ್ವಿಚ್‌ನಿಂದಲ್ಲ.

ನಾನು ಹನ್ನೊಂದು ವರ್ಷ ಸಣ್ಣ ವಿಮಾನಗಳ ವೈರಿಂಗ್ ಕೆಲಸ ಮಾಡಿದವನು. ಈಗ ಕುಡಿತಿನಿಯಲ್ಲಿ ಮಾವನ ಮೋಟಾರ್ ರಿವೈಂಡಿಂಗ್ ಅಂಗಡಿ ನೋಡಿಕೊಳ್ಳುತ್ತಿದ್ದೇನೆ. ತೋರಣಗಲ್ಲಿಗೆ ಇಳಿಯುವ ವಿಮಾನದ ಸದ್ದು ಕೇಳಿದರೆ ಈಗಲೂ ತಲೆ ಮೇಲೆತ್ತುತ್ತೇನೆ, ಅದು ಬೇರೆ ಮಾತು. ಕುರುಗೋಡು ಕಡೆಯ ರೈತರು ಬಂದು "ಸ್ಟಾರ್ಟರ್ ಕೆಟ್ಟೈತ್ರಿ" ಅನ್ನುತ್ತಾರೆ. ಹೋಗಿ ನೋಡಿದರೆ ಎಷ್ಟೋ ಸಲ ಸ್ಟಾರ್ಟರ್ ಗಟ್ಟಿಯಾಗಿರುತ್ತದೆ, ವೈರಿನ ತುದಿಯ ಲಗ್ ಸುಟ್ಟು ಕರ್ರಗಾಗಿರುತ್ತದೆ. ಕೈಗೆ ಸಿಗುವುದು ಸ್ವಿಚ್, ಹಾಗಾಗಿ ಬೈಗುಳವೂ ಅದಕ್ಕೇ. ವಿಮಾನದಲ್ಲೂ ಇದೇ ಹಣೆಬರಹ.

ಬೀಪ್ ನಂಬಬೇಡಿ. ಬೀಪ್ ಹೊಡೆಯಲು ಮೀಟರ್ ಹರಿಸುವ ಕರೆಂಟ್ ತೀರಾ ಕಡಿಮೆ. ಹತ್ತೊಂಬತ್ತು ಎಳೆಯ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಅದು ಬೀಪ್ ಅನ್ನುತ್ತದೆ. ಪಂಪ್ 2 ಆಂಪಿಯರ್ ಎಳೆಯುತ್ತದೆ ಅಂದುಕೊಳ್ಳಿ. ದಾರಿಯಲ್ಲಿ ಎಲ್ಲೋ 2 ಓಮ್ ಅಡ್ಡ ಕೂತಿದ್ದರೆ ಅಲ್ಲೇ 4 ವೋಲ್ಟ್ ಮಾಯ. 12 ವೋಲ್ಟ್ ಬ್ಯಾಟರಿಯಲ್ಲಿ 4 ಹೋದರೆ ಉಳಿಯುವುದೆಷ್ಟು? ಆ 2 ಓಮ್‌ಗೂ ಮೀಟರ್ ಖುಷಿಯಿಂದ ಬೀಪ್ ಅನ್ನುತ್ತದೆ.

ಆದ್ದರಿಂದ ಪಂಪ್ ಜೋಡಿಸಿಯೇ ಇರಲಿ, ಸ್ವಿಚ್ ಆನ್ ಆಗಿಯೇ ಇರಲಿ, ವೋಲ್ಟೇಜ್ ಅಳೆಯಿರಿ. ಪಂಪ್ ಸುಮ್ಮನಾದ ಹೊತ್ತಿಗೇ ಅಳೆಯಬೇಕು. ಆಗ ಮಾತ್ರ ತಟ್ಟಬೇಡಿ, ತಟ್ಟಿದರೆ ಕಳ್ಳ ಓಡಿಹೋಗುತ್ತಾನೆ. ಮೀಟರಿನ ಕಪ್ಪು ಕಡ್ಡಿ ಬ್ಯಾಟರಿಯ ನೆಗೆಟಿವ್ ಮೇಲೆ ನಿಲ್ಲಲಿ. ಕೆಂಪು ಕಡ್ಡಿ ನಡೆಯುತ್ತಾ ಹೋಗಲಿ: ಬ್ರೇಕರಿನ (ಕರೆಂಟ್ ಹೆಚ್ಚಾದರೆ ತಾನೇ ಹಾರಿ ಕಡಿಯುವ ಗುಂಡಿ) ಈ ಬದಿ, ಆ ಬದಿ, ಸ್ವಿಚ್‌ನ ಒಳಗೆ ಹೋಗುವ ಸ್ಕ್ರೂ, ಹೊರಗೆ ಬರುವ ಸ್ಕ್ರೂ, ಪಂಪಿನ ಪಾಸಿಟಿವ್. ಕೊನೆಗೆ ಪಂಪಿನ ಗ್ರೌಂಡ್, ಅಂದರೆ ಕರೆಂಟ್ ವಿಮಾನದ ಲೋಹದ ಮೈಗೆ ಮರಳುವ ವೈರ್; ಇಲ್ಲಿ ಮಾತ್ರ ಹೆಚ್ಚುಕಡಿಮೆ ಸೊನ್ನೆ ಬರಬೇಕು. ಸ್ಕ್ರೂ ತಲೆಯ ಮೇಲೊಮ್ಮೆ, ವೈರಿಗೆ ಕ್ರಿಂಪ್ ಮಾಡಿದ (ಅದುಮಿ ಕೂರಿಸಿದ) ಟರ್ಮಿನಲ್ ಮೇಲೊಮ್ಮೆ ಇಡಿ, ಎರಡರ ನಡುವೆಯೂ ವ್ಯತ್ಯಾಸ ಇರಬಹುದು. ಪಂಪಿನ ಪಾಸಿಟಿವ್‌ವರೆಗಿನ ದಾರಿಯಲ್ಲಿ ಎಲ್ಲಿ ವೋಲ್ಟ್ ದಿಢೀರನೆ ಬಿತ್ತೋ ಅಲ್ಲೇ ತಪ್ಪು. ಒಳ್ಳೆಯ ಸ್ವಿಚ್‌ನ ಎರಡು ತುದಿಗಳ ನಡುವೆ 0.1, ಹೆಚ್ಚೆಂದರೆ 0.2 ವೋಲ್ಟ್ ಇರಬೇಕು ಅನ್ನುವುದು ನನ್ನ ಲೆಕ್ಕ. ಮ್ಯಾನ್ಯುಯಲ್‌ನಲ್ಲಿ ಬೇರೆ ಇದ್ದರೆ ಅದೇ ಸರಿ.

ನಾನೂ ಒಮ್ಮೆ ಇದೇ ಹಳ್ಳಕ್ಕೆ ಬಿದ್ದಿದ್ದೆ. ಒಂದು ಫ್ಲೈಯಿಂಗ್ ಸ್ಕೂಲಿನ ವಿಮಾನ, ಬೆಳಿಗ್ಗೆ ಪಂಪ್ ಚೆನ್ನಾಗಿ ಓಡುತ್ತಿತ್ತು, ಮಧ್ಯಾಹ್ನ ಬಿಸಿಲೇರಿದ ಮೇಲೆ ಮುಷ್ಕರ. ನಾನು ಸ್ವಿಚ್ ಬದಲಾಯಿಸಿದೆ, ಆಮೇಲೆ ಬ್ರೇಕರ್ ಬದಲಾಯಿಸಿದೆ. ಪಂಪ್ ಕೂಡ ಬದಲಾಯಿಸೋಣ ಅಂದಾಗ ನಮ್ಮ ಹಿರಿಯ ಎಂಜಿನಿಯರ್ ಮೀಟರ್ ಕೈಗಿಟ್ಟು "ಮೊದಲು ಅಳತೆ ಹೇಳಪ್ಪಾ" ಅಂದರು. ಬ್ಯಾಟರಿ 12.4. ಪಂಪಿನ ಪಾಸಿಟಿವ್ 12.2. ಇಲ್ಲಿವರೆಗೆ ಎಲ್ಲ ಸರಿ. ಪಂಪಿನ ಗ್ರೌಂಡ್ ವೈರ್ ಮೇಲೆ ಕೆಂಪು ಕಡ್ಡಿ ಇಟ್ಟೆ, 3.6 ತೋರಿಸಿತು! ಅಲ್ಲಿ ಹೆಚ್ಚುಕಡಿಮೆ ಸೊನ್ನೆ ಇರಬೇಕು. ಅಂದರೆ ಪಂಪಿಗೆ ಸಿಗುತ್ತಿದ್ದದ್ದು ಬರೀ 8.6. ಬೋಲ್ಟ್ ಬಿಚ್ಚಿದೆ. ಯಾವಾಗಲೋ ಬಣ್ಣ ಹೊಡೆದವರು ಆ ಜಾಗ ಮುಚ್ಚಿರಲಿಲ್ಲ, ರಿಂಗ್ ಟರ್ಮಿನಲ್ ಕೆಳಗೆ ಬಿಳಿ ಬಣ್ಣದ ಪದರ ಹಾಗೇ ಇತ್ತು. ಬೋಲ್ಟಿನ ಹಲ್ಲಿನಲ್ಲಿ ಅಷ್ಟಿಷ್ಟು ಲೋಹ ತಾಗಿ ಇಷ್ಟು ದಿನ ನಡೆದಿತ್ತು. ಬಣ್ಣ ಕೆರೆದು, ಹೊಳೆಯುವಂತೆ ಉಜ್ಜಿ, ಹೊಸ ಟರ್ಮಿನಲ್ ಹಾಕಿದೆವು. ಸ್ವಿಚ್ಚು, ಬ್ರೇಕರ್ರು ಎರಡೂ ದಂಡ.

ನಿಮ್ಮದರಲ್ಲಿ ತಟ್ಟಿದರೆ ಓಡುತ್ತದೆ ಅಂದರೆ ಪ್ಯಾನೆಲ್ ಹಿಂದೆಯೇ ಇರಬೇಕು. ಸ್ವಿಚ್ ಟರ್ಮಿನಲ್ಲಿನ ಕ್ರಿಂಪ್, ಇಲ್ಲವೇ ಬ್ರೇಕರ್ ಸ್ಕ್ರೂ. ಬ್ರೇಕರ್ ಹಾರಿದರೆ ಮಾತ್ರ ಬೇರೆ ಕಥೆ. ಅದು ಶಾರ್ಟ್ ಆಗಿರುವ ಅಥವಾ ಕರೆಂಟ್ ಅತಿಯಾಗಿರುವ ಸೂಚನೆ, ಕಾರಣ ಸಿಗುವವರೆಗೆ ನಾನಂತೂ ಮತ್ತೆ ಒತ್ತುವುದಿಲ್ಲ.

ಇನ್ನೊಂದು. ಈ ಪಂಪ್ ಟಕ್ ಟಕ್ ಅಂತ ಬಡಿಯುವ ಜಾತಿಯದಾದರೆ, ಕಾರ್ಬ್ಯುರೇಟರ್ ಬಟ್ಟಲು ತುಂಬಿದ ಮೇಲೆ ಬಡಿತ ನಿಧಾನವಾಗುತ್ತದೆ. ಅದನ್ನೇ ದೋಷ ಅಂದುಕೊಂಡು ಹುಡುಗರು ಓಡಿ ಬರುವುದನ್ನು ನೋಡಿದ್ದೇನೆ. ಫ್ಯೂಯಲ್ ಪ್ರೆಷರ್ ಗೇಜ್ ನೋಡಿ. ಕಾರ್ಬ್ಯುರೇಟರ್ ಇರುವ ಚೆರೋಕಿಗಳಲ್ಲಿ ಸಾಮಾನ್ಯವಾಗಿ 0.5 ರಿಂದ 8 ಪಿಎಸ್‌ಐ (ಒತ್ತಡದ ಅಳತೆ) ಒಳಗಿದ್ದರೆ ಸರಿ. ಬಡಿತ ಜೋರಾಗಿಯೇ ಇದೆ, ಪ್ರೆಷರ್ ಮಾತ್ರ ಇಲ್ಲ ಅಂದರೆ ವೈರಿಂಗ್ ಬಿಟ್ಟುಬಿಡಿ. ಟ್ಯಾಂಕ್ ಸೆಲೆಕ್ಟರ್ (ಯಾವ ಟ್ಯಾಂಕಿನ ಇಂಧನ ಬರಬೇಕು ಅಂತ ಆರಿಸುವ ಹಿಡಿ), ಜಾಲರಿ, ಪೈಪಿನಲ್ಲಿ ಗಾಳಿ ಎಳೆಯುತ್ತಿದೆಯಾ ಅನ್ನುವುದು ನೋಡಿ.

ಅಹಮದಾಬಾದ್ ಅಪಘಾತದ ವರದಿಯಲ್ಲಿದ್ದ ಸ್ವಿಚ್ ಇದೇನಾ ಅಂತಲೂ ಕೇಳಿದ್ದೀರಿ. ಅಲ್ಲ. 2025ರ ಜುಲೈನ ಪ್ರಾಥಮಿಕ ವರದಿ ಹೇಳಿದ್ದು ಬೋಯಿಂಗ್ 787ರ ಎಂಜಿನ್‌ಗಳಿಗೆ ಇಂಧನ ಬಿಡುವ, ನಿಲ್ಲಿಸುವ ಎರಡು ಸ್ವಿಚ್‌ಗಳ ಬಗ್ಗೆ. ಅವು ಸುಮಾರು ಒಂದು ಸೆಕೆಂಡಿನ ಅಂತರದಲ್ಲಿ ಕಟಾಫ್‌ಗೆ ಹೋದವು ಅಂತ ಅದರಲ್ಲಿದೆ. ನಿಮ್ಮ ಚೆರೋಕಿಯಲ್ಲಿ ಇಂಧನ ನಿಲ್ಲಿಸುವುದು ಸೆಲೆಕ್ಟರ್ ಮತ್ತು ಮಿಕ್ಸ್ಚರ್ (ಗಾಳಿಗೆ ಎಷ್ಟು ಇಂಧನ ಸೇರಬೇಕು ಅಂತ ಹೊಂದಿಸುವ ಹಿಡಿ), ಎರಡೂ ಕೈಯಿಂದ ತಿರುಗಿಸುವ, ಎಳೆಯುವ ಕೆಲಸ. ಎಲೆಕ್ಟ್ರಿಕ್ ಪಂಪ್ ಆಫ್ ಮಾಡಿದರೂ ಎಂಜಿನ್‌ಗೇ ಜೋಡಿಸಿದ ಪಂಪ್ ಇಂಧನ ಕೊಡುತ್ತಿರುತ್ತದೆ. ಎಲೆಕ್ಟ್ರಿಕ್‌ದು ಟೇಕಾಫ್, ಲ್ಯಾಂಡಿಂಗ್, ಟ್ಯಾಂಕ್ ಬದಲಾಯಿಸುವಾಗ ಆಸರೆಗೆ.

ಕೈ ಹಾಕುವ ಮುಂಚೆ ಎರಡು ಮಾತು. ಪೆಟ್ರೋಲ್ ವಾಸನೆ ಇದ್ದರೆ ಮಾಸ್ಟರ್ ಸ್ವಿಚ್ (ಇಡೀ ವಿಮಾನಕ್ಕೆ ಕರೆಂಟ್ ಕೊಡುವುದು) ಆನ್ ಮಾಡಲೇಬೇಡಿ. ಪ್ರೊಪೆಲ್ಲರ್ ಹತ್ತಿರ ನಿಲ್ಲಬೇಡಿ, ಯಾಕೆಂದರೆ ಎಂಜಿನ್‌ಗೆ ಕಿಡಿ ಕೊಡುವ ಮ್ಯಾಗ್ನೆಟೋದ ಸ್ವಿಚ್ ಉಲ್ಟಾ ಕೆಲಸ ಮಾಡುತ್ತದೆ. ಆಫ್ ಅಂದರೆ ವೈರ್ ಗ್ರೌಂಡ್ ಆಗುವುದು. ಪ್ಯಾನೆಲ್ ಹಿಂದೆ ಕೈಯಾಡಿಸುವಾಗ ಆ ವೈರ್ ಕಿತ್ತುಬಂದರೆ ಕೀ ಆಫ್ ಇದ್ದರೂ ಎಂಜಿನ್‌ಗೆ ಕಿಡಿ ಸಿಗುತ್ತದೆ, ಪ್ರೊಪೆಲ್ಲರ್ ಕೈಯಲ್ಲಿ ತಿರುಗಿಸಿದರೆ ಸಾಕು.

ಬಳ್ಳಾರಿಯ ಬೆಂಗಳೂರು ರೋಡಿನ ಅಂಗಡಿಯಿಂದ ಟಾಗಲ್ ಸ್ವಿಚ್ ತಂದು ಹಾಕುವ ಆಸೆಯೂ ಬೇಡ. ಹಾರುವ ವಿಮಾನವಾದರೆ ಮ್ಯಾನ್ಯುಯಲ್ ಹೇಳಿದ ಪಾರ್ಟ್ ನಂಬರ್, ಲೈಸೆನ್ಸ್ ಇರುವವರ ಸಹಿ, ಎರಡೂ ಬೇಕು. ಮನೆಯ ಎಸಿ ಕರೆಂಟಿಗೆ ಮಾಡಿದ ಸ್ವಿಚ್‌ಗಳು ಬ್ಯಾಟರಿಯ ಡಿಸಿ ಕರೆಂಟ್ ಕಡಿಯುವಾಗ ಒಳಗೇ ಕಿಡಿ ಹಾರಿ ಸುಟ್ಟುಕೊಳ್ಳಬಹುದು.

ಆ ಆರು ಜಾಗದ ವೋಲ್ಟ್ ಬರೆದು ಹಾಕಿ. ಪಂಪ್ ಸುಮ್ಮನಿದ್ದಾಗಿನದ್ದು, ಓಡುವಾಗಿನದ್ದಲ್ಲ.