ತಟ್ಟೆ ಒಂದೇ, ಕವಳ ಅವರವರದು

ಪ್ರಶ್ನೆ: ನಿಶ್ಚಿತಾರ್ಥ ನಮ್ಮ ಮನೆಯಲ್ಲಿ. ನಾವು ಹಾಸನದವರು, ಬೀಗರು ಶಿರಸಿ ಕಡೆಯವರು, ನೆರೆಮನೆಯ ಮುಸ್ಲಿಂ ಕುಟುಂಬವೂ ಬರುತ್ತದೆ. 50 ಜನರಿಗೆ ಎಲೆ ಅಡಿಕೆ ಹೇಗೆ ಜೋಡಿಸಬೇಕು? ಹೋದ ಸಲ ಎಲೆ ಕಪ್ಪಾಗಿ, ಕೆಲವರಿಗೆ ಬಾಯಿಯೂ ಸುಟ್ಟಿತ್ತು.

ಉತ್ತರ: ಬೀಡಾ ಕಟ್ಟಿ ಲವಂಗ ಚುಚ್ಚಿ ಇಡಬೇಡಿ. ಎಲ್ಲವನ್ನೂ ಬಿಡಿಬಿಡಿಯಾಗಿ ಇಡಿ. ಹಾಸನದಲ್ಲಿ ತಾಂಬೂಲ, ಶಿರಸಿಯಲ್ಲಿ ಕವಳ, ಧಾರವಾಡದ ಕಡೆ ಎಲಿ ಅಡಕಿ, ತುಳುವರಲ್ಲಿ ಬಚ್ಚಿರೆ ಬಜ್ಜೆಯಿ. ಒಬ್ಬೊಬ್ಬರ ಹದ ಒಂದೊಂದು. ಮುಸ್ಲಿಂ ಮನೆಗಳ ಪಾನ್‌ದಾನ್‌ನಲ್ಲಿ ಸುಣ್ಣ, ಕಾಚು, ಅಡಿಕೆಗೆ ಬೇರೆಬೇರೆ ಗೂಡುಗಳಿರುವುದೂ ಇದಕ್ಕೇ. ತಟ್ಟೆ ಮುಂದಿಡುವುದು ಮನೆಯವರ ಕೆಲಸ, ಮಡಿಸಿಕೊಳ್ಳುವುದು ಬಂದವರದು. ಈ ಪದ್ಧತಿಯ ಸೊಗಸೆಲ್ಲ ಅಲ್ಲಿದೆ.

ತಲೆಗೆ 2ರಂತೆ 100 ಎಲೆ; ಹರಿದವು, ಬಾಡಿದವು ಹೋಗುತ್ತವೆ, ಹಾಗಾಗಿ 20 ಹೆಚ್ಚಿಗೆ ತನ್ನಿ. ಒಂಟಿ ಎಲೆ ಕೊಡುವ ವಾಡಿಕೆಯಿಲ್ಲ. ತೊಟ್ಟುಗಳೆಲ್ಲ ಒಂದೇ ಕಡೆ ಇರಲಿ. ಶಾಸ್ತ್ರದ ತಾಂಬೂಲಕ್ಕೆ ಇಡೀ ಅಡಿಕೆ, ಮೆಲ್ಲುವುದಕ್ಕೆ ಅಡಕತ್ತರಿಯಲ್ಲಿ ಹೋಳು ಮಾಡಿದ್ದು. ಕಾಚು, ಏಲಕ್ಕಿ, ಲವಂಗ ಬೇರೆ ಬಟ್ಟಲಲ್ಲಿ. ಹೊಗೆಸೊಪ್ಪು ಬೇಡ.

ಎಲೆ ಕಪ್ಪಾಗಿದ್ದು ಫ್ರಿಜ್‌ನಿಂದ ಇರಬಹುದು. ಬೆಚ್ಚನೆಯ ನಾಡಿನ ಬಳ್ಳಿ ಅದು, ಕೊರೆಯುವ ಚಳಿ ತಡೆಯದು. ನೀರು ತೊಟ್ಟಿಕ್ಕುವಂತಿದ್ದರೂ ಕೊಳೆಯುತ್ತದೆ. ತೊಳೆದು, ಒರೆಸಿ, ಹಿಂಡಿದ ಒದ್ದೆ ಹತ್ತಿಬಟ್ಟೆಯಲ್ಲಿ ಸುತ್ತಿ ನೆರಳಲ್ಲಿಡಿ.

ಬಾಯಿ ಸುಡುವುದು ಸುಣ್ಣ ಹೆಚ್ಚಾದರೆ. ಅರ್ಧ ಅಕ್ಕಿಕಾಳಿನಷ್ಟು ಸಾಕು. ತೊಟ್ಟು ತುದಿ ಚಿವುಟಿ, ಎಲೆಯ ಬೆನ್ನಿಗೆ ತೆಳ್ಳಗೆ ಸವರಬೇಕು. ಮುದ್ದೆಯಾಗಿ ಉಳಿದ ಜಾಗದಲ್ಲೇ ನಾಲಿಗೆ ಬೊಬ್ಬೆಯೇಳುವುದು. ಬಾಯಿ ಕೆಂಪಾಗಲಿಲ್ಲವೆಂದು ಸುಣ್ಣ ಏರಿಸುತ್ತ ಹೋಗುವವರಿಗೆ ಇದನ್ನು ಹೇಳಲೇಬೇಕು.

ಪ್ರಶ್ನೆ: ಅಡಿಕೆಯೇ ಕ್ಯಾನ್ಸರ್ ತರುತ್ತದೆ ಎನ್ನುತ್ತಾರೆ. ತಟ್ಟೆ ಇಡುವುದನ್ನೇ ಬಿಡಬೇಕೆ? (ಪುತ್ತೂರು)

ಉತ್ತರ: ಮಾತು ನಿಜ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೊಗೆಸೊಪ್ಪಿಲ್ಲದ ಎಲೆ ಅಡಿಕೆಯನ್ನೂ ಕ್ಯಾನ್ಸರ್‌ಕಾರಕವೆಂದು ಹೇಳಿದೆ. ದಿನವೂ ಮೆಲ್ಲುವ ಚಟ ಖಂಡಿತ ಬೇಡ. ಆದರೆ ವೀಳ್ಯ ಕೊಡುವುದೆಂದರೆ ಕರೆಯುವುದು, ಒಪ್ಪುವುದು, ಮರ್ಯಾದೆ ಮಾಡುವುದು, ಮೆಲ್ಲಲೇಬೇಕೆಂದೇನಿಲ್ಲ. ಎರಡು ಕೈಯಲ್ಲಿ ಕೊಡಿ, ಅವರು ಮುಟ್ಟಿ ನಮಸ್ಕರಿಸಿದರೂ ಮರ್ಯಾದೆ ಸಂದಂತೆಯೇ. ಬಾಯಿಗೆ ಸೋಂಪು, ಏಲಕ್ಕಿ, ಒಣಕೊಬ್ಬರಿ ಇಡಿ. ನಿಮ್ಮೂರಿನ ಬೆಲ್ಲ ನೀರನ್ನಂತೂ ಬಿಡಬೇಡಿ: ಬಂದವರು ಕೂತ ಕೂಡಲೇ ನಿಂಬೆಗಾತ್ರದ ಬೆಲ್ಲದ ತುಂಡು, ಒಂದು ಚೊಂಬು ತಣ್ಣೀರು. ಸಕ್ಕರೆ ಕಾಯಿಲೆಯವರಿದ್ದರೆ ಬೆಲ್ಲವನ್ನು ಕೈಗೆ ಕೊಡದೆ ಪಕ್ಕದಲ್ಲಿಡಿ. ಚಿವುಟಿಕೊಳ್ಳುವುದು ಅವರಿಗೆ ಬಿಟ್ಟದ್ದು.