ಮಾವನ ಮಾತಿಗೆ ಮನೆಯವರೆಲ್ಲ ನಗುವಾಗ

ಪ್ರಶ್ನೆ: ಮಾವನಿಗೆ ಎಂಬತ್ತು ದಾಟಿದೆ. ಊಟಕ್ಕೆ ಕೂತರೂ ಅಡಿಕೆ ಸುಲಿಯಲು ಕೂತರೂ ಏನಾದರೊಂದು ‘ವಿಷಯ’ ಹೇಳುತ್ತಾರೆ. ಬೇಕಲ ಕೋಟೆ ಕಟ್ಟಿಸಿದ್ದು ಟಿಪ್ಪುವಂತೆ, ಚಂದ್ರನಿಂದ ಚೀನಾದ ಗೋಡೆ ಕಾಣುತ್ತದಂತೆ, ಹಾವು ಕಚ್ಚಿದರೆ ಗಾಯ ಕೊಯ್ದು ರಕ್ತ ಹೀರಿ ಉಗುಳಿದರೆ ಸಾಕಂತೆ. ‘ಅಪ್ಪ ರೈಲು ಬಿಟ್ಟರು’ ಎಂದು ಗಂಡ ನಗುತ್ತಾರೆ. ಮಕ್ಕಳು ಎದುರಿಗೇ ‘ಅಜ್ಜನ ತಳ್ಳು’ (ಮಲಯಾಳದ ಆಡುಮಾತಿನಲ್ಲಿ ಬಡಾಯಿ) ಎನ್ನುತ್ತಾರೆ. ಮಗಳು ಶಾಲೆಯ ರಸಪ್ರಶ್ನೆಯಲ್ಲಿ ಟಿಪ್ಪು ಎಂದು ಹೇಳಿ ಸೋತು ಅಳುತ್ತಾ ಬಂದಳು. ಸೊಸೆಯಾದ ನಾನು ಮಾವನನ್ನು ತಿದ್ದಬಹುದೇ?
ಓದುಗಿ, ಬದಿಯಡ್ಕ

ಉತ್ತರ: ಧಾರಾಳವಾಗಿ ತಿದ್ದಬಹುದು. ಆದರೆ ಮೂರು ಮಾತನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಹಾವಿನ ಮಾತನ್ನು ಇವತ್ತೇ ಎತ್ತಿ. ನಿಮ್ಮದು ತೋಟದ ಮನೆ, ಈ ಮಾತು ಜೀವ ತೆಗೆಯಬಲ್ಲದು. ಗಾಯ ಕೊಯ್ದರೆ ರಕ್ತಸ್ರಾವ, ಸೋಂಕು ಹೆಚ್ಚುತ್ತದೆಯೇ ಹೊರತು ವಿಷ ಹೊರಬರುವುದಿಲ್ಲ. ಹಗ್ಗದಿಂದ ಬಿಗಿಯುವುದೂ ಅಪಾಯ. ಉಂಗುರ, ಬಳೆ ತೆಗೆದು, ಕಚ್ಚಿದ ಕೈಕಾಲು ಅಲುಗದಂತೆ ಇಟ್ಟು, ನಡೆಸದೆ, ಪ್ರತಿವಿಷ ಇರುವ ಆಸ್ಪತ್ರೆಗೆ ತಡಮಾಡದೆ ಒಯ್ಯಬೇಕು. ಮಕ್ಕಳಿಲ್ಲದ ಹೊತ್ತಿನಲ್ಲಿ, ‘ಮಾವ, ಡಾಕ್ಟರು ಈಗ ಹೀಗೆ ಹೇಳುತ್ತಾರೆ’ ಎಂದು ಶುರುಮಾಡಿ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಪ್ರತಿವಿಷ ಸಿಗುತ್ತದೆಂದು ವಿಚಾರಿಸಿ ಕ್ಯಾಲೆಂಡರಿನಲ್ಲಿ ಬರೆದಿಡುವ ಕೆಲಸ ಅವರಿಗೇ ಕೊಡಿ. ನಾಲ್ಕು ಜನಕ್ಕೆ ವಿಷಯ ತಿಳಿಸುವುದು ಅವರಿಗೆ ಇಷ್ಟ ತಾನೇ? ಸರಿಯಾದದ್ದನ್ನೇ ತಿಳಿಸಲಿ.

ಬೇಕಲದ ವಿಚಾರದಲ್ಲಿ ಅವರದು ಪೂರ್ತಿ ಬುರುಡೆಯೂ ಅಲ್ಲ. ಕೋಟೆಯನ್ನು 1650ರ ಸುಮಾರಿಗೆ ಕಟ್ಟಿಸಿದ್ದು ಕೆಳದಿಯ ಶಿವಪ್ಪ ನಾಯಕ. ಮುಂದೆ ಅದು ಹೈದರಾಲಿಯ ಕೈಸೇರಿ, ಟಿಪ್ಪುವಿಗೆ ಮುಖ್ಯ ಸೇನಾ ನೆಲೆಯಾಯಿತು. ಇದನ್ನು ಮಕ್ಕಳೆದುರಿಗೇ ಹೇಳಬಹುದು. ‘ಅಜ್ಜ ಹೇಳಿದ ಟಿಪ್ಪು ಅಲ್ಲಿದ್ದದ್ದು ನಿಜ, ಕಟ್ಟಿಸಿದವರು ಅದಕ್ಕೂ ಮೊದಲಿನವರು’ ಎಂದರೆ ಯಾರ ಮುಖವೂ ಸಪ್ಪಗಾಗದು. ಚೀನಾದ ಗೋಡೆ ಚಂದ್ರನಿಂದ ಕಾಣುವುದಿಲ್ಲ, ಆದರೆ ಅದಕ್ಕಾಗಿ ಊಟದ ಹೊತ್ತಿನಲ್ಲಿ ಜಗಳ ಬೇಡ.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಸಂಕಟವಾದದ್ದು ನಿಮ್ಮವರ ನಗು. ಮಕ್ಕಳು ‘ತಳ್ಳು’ ಎನ್ನುವ ಧೈರ್ಯ ಕಲಿತದ್ದು ಅಲ್ಲಿಂದಲೇ. ಆ ಹೆಸರು ಒಮ್ಮೆ ಅಂಟಿಕೊಂಡರೆ ನಾಳೆ ಮಾವ ಎದೆನೋವು ಎಂದರೂ ಯಾರೂ ತಿರುಗಿ ನೋಡದ ಸ್ಥಿತಿ ಬರುತ್ತದೆ. ಇದನ್ನು ಗಂಡನಿಗೆ ಖಡಾಖಂಡಿತವಾಗಿ ಹೇಳಿ.

ಮಗಳನ್ನು ಅಜ್ಜನ ಹತ್ತಿರ ಕೂರಿಸಿ, ಅವರು ಕೇಳಿದ್ದನ್ನಲ್ಲ, ಕಂಡದ್ದನ್ನು ಕೇಳಲು ಹೇಳಿ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಅವರು ಶಾಲೆಗೆ ಹೋಗುವ ಪ್ರಾಯದವರು. ಮನೆಯಲ್ಲಿ ಹಿರಿಯರು ಏನು ಮಾತಾಡಿಕೊಂಡರು, ಶಾಲೆಯಲ್ಲಿ ಏನು ಬದಲಾಯಿತು, ಅದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ. ರಸಪ್ರಶ್ನೆಗೆ ಮಾತ್ರ ಪುಸ್ತಕ ನೋಡಿಯೇ ಓದಲಿ.