ಮೊದಲು ಸಿಕ್ಕ ಊರಿಗೇ ಎಲ್ಲ ಭಾರವೇ?

ಪ್ರಶ್ನೆ: ಆಶ್ರಯ ಕೇಳಿ ಬರುವವರಿಗೆ ಯುರೋಪಿನ ದೇಶಗಳು ಒಂದೇ ನಿಯಮ ಮಾಡಿಕೊಳ್ಳಲು ಯಾಕಿಷ್ಟು ಒದ್ದಾಡುತ್ತಿವೆ?
– ಓದುಗರೊಬ್ಬರು, ನರಗುಂದ

ಉತ್ತರ: 2019ರಲ್ಲಿ ಮಲಪ್ರಭೆ ಉಕ್ಕಿದಾಗ ನಿಮ್ಮ ಕೊಣ್ಣೂರಿನ ಕಡೆ ಜನ ಮನೆ ಬಿಟ್ಟು ಬಂದಿದ್ದು ನೆನಪಿದೆ ಅಲ್ವಾ? ಅವರನ್ನೆಲ್ಲ ಮೊದಲು ಸಿಕ್ಕ ಊರೇ ಕೊನೆವರೆಗೂ ನೋಡಿಕೊಳ್ಳಬೇಕು ಅಂದಿದ್ದರೆ ಆ ಊರಿನ ಗತಿ ಏನಾಗುತ್ತಿತ್ತು? ಯುರೋಪಿನ ಡಬ್ಲಿನ್ ನಿಯಮ ಹೆಚ್ಚುಕಡಿಮೆ ಹಾಗೇ ಇತ್ತು, ಕಾಲಿಟ್ಟ ಮೊದಲ ದೇಶವೇ ಅರ್ಜಿ ನೋಡಬೇಕು. 2015ರಲ್ಲಿ ಸಮುದ್ರ ದಾಟಿ 10 ಲಕ್ಷಕ್ಕೂ ಜಾಸ್ತಿ ಜನ ಬಂದಾಗ ಗ್ರೀಸ್, ಇಟಲಿ ಹೈರಾಣಾದವು. 2024ರ ಹೊಸ ಒಪ್ಪಂದದಲ್ಲಿ ಉಳಿದ ದೇಶಗಳು ಒಂದಷ್ಟು ಜನರನ್ನು ಕರೆಸಿಕೊಳ್ಳಬೇಕು, ಇಲ್ಲವೇ ಕರೆಸಿಕೊಳ್ಳದ ಒಬ್ಬೊಬ್ಬರ ಲೆಕ್ಕದಲ್ಲಿ 20,000 ಯೂರೋ ಕೊಡಬೇಕು, ಅದೂ ಬೇಡವಾದರೆ ಬೇರೆ ನೆರವು. ಹಂಗೇರಿ, ಪೋಲೆಂಡ್ ಒಪ್ಪಲಿಲ್ಲ. ಮೊದಲ ದೇಶದ ಹೊರೆಯೂ ಪೂರ್ತಿ ಇಳಿದಿಲ್ಲ, ನನಗೆ ಬೇಸರ ಅದೇ.